ನಿಂದು ಮಾತ್ರ ಎಂತ 13?

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. "ನಿಂದು ಮಾತ್ರ ಎಂತ 13? ಎಲ್ಲರದ್ದೂ 3 ಉಂಟಲ್ಲ. ಬದಲಿಸು, ಟೈಮಿಲ್ಲ."

ಹೇಳಿದವರು ನಮ್ಮ ಮ್ಯಾನೇಜರ್. ಹೇಳಿಸಿಕೊಂಡವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗದ ಹುಡುಗಿ, ಬೆಳ್ತಂಗಡಿ ಕಡೆಯವಳು. ಅವಳು ಏನೂ ಹೇಳಲಿಲ್ಲ. ಕೆಲಸ ಎಷ್ಟು ದೊಡ್ಡದು ಅಂತ ಅಂದಾಜು ತೋರಿಸುವ 13ರ ಕಾರ್ಡು ಕೆಳಗಿಟ್ಟು 3ರದ್ದನ್ನು ಎತ್ತಿದಳು. ಮೀಟಿಂಗ್ ಮುಂದೆ ಹೋಯಿತು. ಪಕ್ಕದಲ್ಲೇ ಕೂತಿದ್ದ ನಾನೂ ಸುಮ್ಮನಿದ್ದೆ.

ನಾವು ಮಂಗಳೂರಿನ ಕೊಟ್ಟಾರದಲ್ಲಿ ಕೂತು ಹಾಲಿನ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡುವವರು. ಏಳು ಜನ. ಈ ವರ್ಷ ನಮ್ಮಲ್ಲಿಗೂ ಎಜೈಲ್ ಬಂತು, ಅಂದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಆಗಾಗ ತೋರಿಸಿ ತಿದ್ದಿಕೊಳ್ಳುತ್ತ ಹೋಗುವ ಪದ್ಧತಿ. ಬೆಳಿಗ್ಗೆ 15 ನಿಮಿಷ ನಿಂತುಕೊಂಡೇ ಮಾತು, ಎರಡು ವಾರಕ್ಕೊಂದು ಸ್ಪ್ರಿಂಟ್ ಅಂದರೆ ಒಂದು ಸುತ್ತು ಕೆಲಸ, ಗೋಡೆಗೆ ಬೋರ್ಡು, ಬೋರ್ಡಿನ ತುಂಬ ಹಳದಿ ಚೀಟಿ. ನನಗೆ ಇದು ನಿಜಕ್ಕೂ ಇಷ್ಟ. ಮೊದಲು ಆರು ತಿಂಗಳು ಕೂತು ಮಾಡಿದ್ದನ್ನು ಕೊಂಡುಹೋಗಿ ಕೊಟ್ಟ ಮೇಲೆ ಸೆಕ್ರೆಟರಿ ಫೋನ್ ಮಾಡುತ್ತಿದ್ದರು, "ನಮಗೆ ಬೇಕಾದ್ದು ಇದಲ್ಲ ಮಾರಾಯ್ರೆ" ಅಂತ. ಈಗ ತಪ್ಪಿದರೆ ಎರಡು ವಾರಕ್ಕೇ ಗೊತ್ತಾಗುತ್ತದೆ.

ಕಾರ್ಡಿನ ಆಟವೂ ಅದರದ್ದೇ ಭಾಗ. ಪ್ಲಾನಿಂಗ್ ಪೋಕರ್ ಅಂತಾರೆ. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಅನ್ನುವ ಸಾಫ್ಟ್‌ವೇರ್ ತಜ್ಞ ಶುರು ಮಾಡಿದ್ದು. ಒಂದು ಕೆಲಸ ಎಷ್ಟು ದೊಡ್ಡದು ಅಂತ ಎಲ್ಲರೂ ಒಂದೊಂದು ಕಾರ್ಡು ಆರಿಸಿ ಒಟ್ಟಿಗೇ ತೋರಿಸಬೇಕು. ಒಬ್ಬರದ್ದು ನೋಡಿ ಇನ್ನೊಬ್ಬರು ಬದಲಿಸಬಾರದು ಅಂತಲೇ ಒಟ್ಟಿಗೆ. ಆಮೇಲೆ ಎಲ್ಲರಿಗಿಂತ ಕಡಿಮೆ ಇಟ್ಟವರು, ಎಲ್ಲರಿಗಿಂತ ಜಾಸ್ತಿ ಇಟ್ಟವರು ಯಾಕೆ ಅಂತ ಹೇಳಬೇಕು. ಕೇಳಿಸಿಕೊಂಡು ಮತ್ತೆ ಕಾರ್ಡು ಎತ್ತಬೇಕು. 1, 2, 3, 5, 8, 13 ಹೀಗೆ ಹೋಗುತ್ತದೆ ಲೆಕ್ಕ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಾ? ನಾಲ್ಕು ಮಾತ್ರೆಯನ್ನು ಲಘು ಗುರುಗಳಿಂದ 5 ಬಗೆಯಲ್ಲಿ ತುಂಬಬಹುದು. ಐದು ಮಾತ್ರೆಯನ್ನು 8 ಬಗೆಯಲ್ಲಿ, ಆರನ್ನು 13 ಬಗೆಯಲ್ಲಿ. ಇದೇ ಸಂಖ್ಯೆಗಳು! 12ನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲೇ ಇದನ್ನು ಬರೆದಿಟ್ಟಿದ್ದ. ಇದು ಗೊತ್ತಾದಾಗ ಆ ಕಾರ್ಡುಗಳ ಮೇಲೆ ನನಗೆ ಇನ್ನಷ್ಟು ಪ್ರೀತಿ ಬಂದಿತ್ತು.

ಸೋಮವಾರದ ಕೆಲಸ ಇದು: ಹಾಲು ಹಾಕಿದಾಗ ಕೊಡುವ ಪ್ರಿಂಟ್ ಚೀಟಿ ನಿಲ್ಲಿಸಿ, ಲೀಟರ್, ಫ್ಯಾಟ್, ದರ ಎಲ್ಲ ಮೊಬೈಲಿಗೆ ಮೆಸೇಜ್ ಹೋಗುವ ಹಾಗೆ ಮಾಡುವುದು. ಕೋಡ್ ಬರೆಯುವವರಿಗೆ ಸಣ್ಣ ಕೆಲಸ. ಟೆಸ್ಟ್ ಮಾಡುವ ನನಗೂ ಹಾಗೇ ಕಂಡಿತು. ಆರು ಕೈಯಲ್ಲಿ 3. ಒಂದರಲ್ಲಿ 13.

ಚಾಕ್ಕೆ ಕೆಳಗೆ ಹೋದಾಗ ಕೇಳಿದೆ. ಅವಳು ಮೊದಲು ಹೇಳಿದ್ದೇ, "ಅಕ್ಕ, ನಾನು ತಪ್ಪು ಇಟ್ಟೆನಾ?"

ಆಮೇಲೆ ನಿಧಾನಕ್ಕೆ ಹೇಳಿದಳು. "ಅಮ್ಮ ದಿನಾ ಸೊಸೈಟಿಗೆ ಹಾಲು ಹಾಕ್ತಾರೆ. ಅಲ್ಲಿ ಕೊಟ್ಟಿರುವ ನಂಬರ್ ಅಣ್ಣನದ್ದು. ಅಣ್ಣ ಬೆಂಗಳೂರಲ್ಲಿ ಇದ್ದಾನೆ. ಮೆಸೇಜ್ ಅವನಿಗೆ ಹೋದರೆ ಅಮ್ಮನಿಗೆ ಎಂತ ಗೊತ್ತಾಗ್ತದೆ? ಅವರು ಚೀಟಿಯನ್ನೆಲ್ಲ ಬಿಸ್ಕೆಟ್ ಡಬ್ಬದಲ್ಲಿ ಇಡ್ತಾರೆ. ಫ್ಯಾಟ್ ಕಡಿಮೆ ಬಂದ ದಿನ ದನಕ್ಕೆ ಎಂತ ಆಯ್ತು ಅಂತ ನೋಡ್ತಾರೆ. ದುಡ್ಡು ಬಂದಾಗ ಚೀಟಿ ಕೂಡಿಸಿ ನೋಡ್ತಾರೆ."

ನಮ್ಮ ಆರು ಜನರಲ್ಲಿ ಯಾರ ಮನೆಯಲ್ಲೂ ದನ ಇಲ್ಲ. ಇಡೀ ಕೋಣೆಯಲ್ಲಿ ಆ ಚೀಟಿ ಯಾಕೆ ಬೇಕು ಅಂತ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳ ಬಾಯಿಯನ್ನೇ ನಾವು ಮುಚ್ಚಿಸಿದೆವು.

ಮ್ಯಾನೇಜರ್ ಕೆಟ್ಟವರಲ್ಲ. ಯಾರಿಗೆ ಜ್ವರ ಬಂದರೂ ಮನೆಗೆ ಕಳಿಸಿ ಆ ಕೆಲಸ ತಾವೇ ಮಾಡುವವರು. ಅವರ ಮೇಲೆ ತಾರೀಕಿನ ಒತ್ತಡ ಇತ್ತು. ಆದರೆ 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಎಜೈಲ್ ಪ್ರಣಾಳಿಕೆ ಬರೆದಾಗ ಮೊದಲು ಇಟ್ಟದ್ದೇ ಮನುಷ್ಯರನ್ನು, ಅವರ ಒಡನಾಟವನ್ನು. ವಿಧಾನ, ಸಾಧನ ಎಲ್ಲ ಆಮೇಲೆ. ನಾವು ಬೋರ್ಡು ತಂದೆವು, ಕಾರ್ಡು ತಂದೆವು. ಕಾರ್ಡು ಯಾಕೆ ಅನ್ನೋದನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟೆವು.

ಟೊಯೋಟಾ ಕಾರ್ಖಾನೆಯಲ್ಲಿ ತಲೆ ಮೇಲೆ ಒಂದು ಹಗ್ಗ ಇರುತ್ತಿತ್ತಂತೆ. ಏನಾದರೂ ಸರಿ ಇಲ್ಲ ಅನಿಸಿದರೆ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದಿತ್ತು. ಕೂಡಲೇ ಸರಿ ಆಗದಿದ್ದರೆ ಕಾರು ಜೋಡಿಸುವ ಇಡೀ ಸಾಲೇ ನಿಲ್ಲುತ್ತಿತ್ತು. ನಮ್ಮ ಮನೆಗಳಲ್ಲಿ ಇಂಥ ಹಗ್ಗ ಎಲ್ಲಿದೆ? ಮದುವೆ ಮಾತುಕತೆಯಲ್ಲಿ, ಜಾಗದ ಪಾಲಿನಲ್ಲಿ, ಮಗ ಯಾವ ಕೋರ್ಸಿಗೆ ಸೇರಬೇಕು ಅನ್ನುವಲ್ಲಿ, "ಎಲ್ಲರೂ ಹೂಂ ಅಂದಿದ್ದಾರೆ, ನಿಂದೇನು?" ಅನ್ನುವ ಮಾತು ನಾನೂ ಕೇಳುತ್ತಲೇ ಬೆಳೆದೆ. ಸಣ್ಣವರು, ಅದರಲ್ಲೂ ಹೆಣ್ಣುಮಕ್ಕಳು, ಕಾರ್ಡು ಕೆಳಗಿಡುವುದನ್ನು ಮನೆಯಲ್ಲೇ ಕಲಿಯುತ್ತಾರೆ. ಆಫೀಸಿನಲ್ಲಿ ಎರಡು ದಿನದ ತರಬೇತಿಗೆ ಅದು ಹೋಗುತ್ತದಾ?

ಮಂಗಳವಾರ ನಾನೇ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಸೊಸೈಟಿಯ ಸದಸ್ಯರ ಪಟ್ಟಿ ತೆರೆದರು. ಒಂದೇ ನಂಬರ್ ಎರಡು ಮೂರು ಹೆಸರಿನ ಎದುರಿಗಿತ್ತು. ಕೆಲವು ಹೆಸರಿನ ಎದುರು ಖಾಲಿ. ಬುಧವಾರ ಅವಳನ್ನು ಎಲ್ಲರ ಮುಂದೆ ಮಾತಾಡಲು ಹೇಳಿದರು. ಅವಳು ಬಿಸ್ಕೆಟ್ ಡಬ್ಬದ ವಿಷಯವನ್ನೂ ಹೇಳಿದಳು. ಪ್ರಿಂಟ್ ಚೀಟಿ ನಿಲ್ಲುವುದಿಲ್ಲ, ಮೆಸೇಜ್ ಬೇಕಾದವರಿಗೆ ಮಾತ್ರ ಅಂತ ತೀರ್ಮಾನ ಆಯಿತು. ಮತ್ತೆ ಕಾರ್ಡು ಎತ್ತಿದಾಗ 8 ಬಂತು.

"ಬದಲಿಸು ಅಂದದ್ದು ತಪ್ಪಾಯ್ತು" ಅಂತ ಅವರು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ನಾನು ಮಾತ್ರ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಅಕ್ಕ" ಅಂದಳು.

ಇವತ್ತು ಶುಕ್ರವಾರ. ಸ್ಪ್ರಿಂಟಿನಲ್ಲಿ ಏನು ಸರಿ ಹೋಯಿತು, ಏನು ಹೋಗಲಿಲ್ಲ ಅಂತ ಮಾತಾಡುವುದು ಮುಂದಿನ ವಾರ. ಈಗಲೇ ಹಳದಿ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿದ್ದೇನೆ: "ಕಾರ್ಡು ತೋರಿಸಿದ ಮೇಲೆ ಬದಲಿಸು ಅಂತ ಯಾರೂ ಹೇಳಬಾರದು. ಯಾಕೆ ಅಂತ ಕೇಳಬೇಕು." ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಮಧ್ಯಾಹ್ನ ನೋಡಿದರೆ ಅದರ ಪಕ್ಕ ಇನ್ನೊಂದು ಹೆಸರು ಇತ್ತು, ಸಣ್ಣ ಅಕ್ಷರದಲ್ಲಿ. ಅವಳದ್ದು.