ಇಂಜೆಕ್ಷನ್ ರೂಮಿನಲ್ಲಿ ಮೊದಲು ಅಮ್ಮನನ್ನು ಮಾತಾಡಿಸಬೇಕು

ನಾನು ಮಕ್ಕಳಿಗೆ ಲಸಿಕೆ ಹಾಕುವ ನರ್ಸ್. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವ ಮಾತು, ಸಿರಿಂಜ್ ಮುಟ್ಟುವ ಮುಂಚೆ ತಾಯಿಯನ್ನು ಮಾತಾಡಿಸಿ ಅಂತ.

ಒಳಗೆ ಬಂದ ಮಗು ನನ್ನ ಕೈ ನೋಡುತ್ತದೆ, ಟ್ರೇ ನೋಡುತ್ತದೆ, ತಕ್ಷಣ ಕತ್ತೆತ್ತಿ ಅಮ್ಮನ ಮುಖ ನೋಡುತ್ತದೆ. ಅಲ್ಲಿ ಕಂಡದ್ದರ ಮೇಲೆ ಮುಂದಿನದೆಲ್ಲ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಗಾಜಿನ ಮೇಜಿನ ಮೇಲೆ ಒಂದು ವರ್ಷದ ಮಕ್ಕಳು, ನಡುವೆ ಹಳ್ಳ ಇದ್ದ ಹಾಗೆ ಕಾಣುವ ಜಾಗ, ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖದಲ್ಲಿದ್ದಾಗ 19 ಮಕ್ಕಳಲ್ಲಿ 14 ಮಕ್ಕಳು ಅಂಬೆಗಾಲಿಟ್ಟು ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ನಮ್ಮ ರೂಮಿನಲ್ಲಿ ದಿನಾ ನಡೆಯುವುದೂ ಇದೇ ಅಲ್ವಾ?

"ಸೂಜಿನೇ ಇಲ್ಲ ಕಂದಾ, ಸುಮ್ನೆ ನೋಡ್ತಾರೆ" ಅಂತ ನಂಬಿಸಿ ಕರೆತರುವವರು ಇದ್ದಾರೆ. ಚುಚ್ಚಿದ ಕೂಡಲೇ ಮಗು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಅಮ್ಮನನ್ನೇ ನೋಡುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ಆಗಲೇ. "ಹಠ ಮಾಡಿದ್ರೆ ಇಂಜೆಕ್ಷನ್ ಕೊಡಿಸ್ತೀನಿ" ಅಂತ ಮನೆಯಲ್ಲಿ ಹೆದರಿಸುವುದನ್ನೂ ದಯವಿಟ್ಟು ಬಿಡಿ.

ಒಮ್ಮೆ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕರೆತಂದಿದ್ದರು. ದೊಡ್ಡವಳು "ನೋವಾಗುತ್ತಾ?" ಅಂದಳು. "ಆಗುತ್ತೆ ಪುಟ್ಟಿ, ಇರುವೆ ಕಚ್ಚಿದ ಹಾಗೆ. ನಾನು ಹಿಡ್ಕೊಂಡಿರ್ತೀನಿ, ಅಳು ಬಂದ್ರೆ ಅತ್ತುಬಿಡು" ಅಂದರು ತಾಯಿ. ಹುಡುಗಿ ಜೋರಾಗಿಯೇ ಅತ್ತಳು. ಆ ತಾಯಿ ಬಾಯಿ ಮುಚ್ಚು ಅನ್ನಲಿಲ್ಲ, ಬೆನ್ನ ಮೇಲೆ ಕೈಯಾಡಿಸುತ್ತಾ ಕೂತಿದ್ದರು. ತಮ್ಮನ ಸರದಿ ಬಂದಾಗ ಅವಳು ಕೆನ್ನೆ ಒರೆಸಿಕೊಂಡು ಅವನ ಬೆರಳು ಹಿಡಿದಳು. "ನೋವಾಗುತ್ತೆ, ಬೇಗ ಹೋಗುತ್ತೆ, ನಾನು ಹಿಡ್ಕೊಂಡಿರ್ತೀನಿ" ಅಂದಳು. ಅಮ್ಮನ ಮಾತು, ಅಮ್ಮನದೇ ದನಿ. ಸುಳ್ಳು ಹೇಳದ, ಕೈ ಬಿಡದ ಗುಣವನ್ನು ಆ ಮಗುವಿಗೆ ಯಾರೂ ಕೂರಿಸಿಕೊಂಡು ಪಾಠ ಮಾಡಿರಲಿಲ್ಲ.

ಲಸಿಕೆಯ ನೋವು ಕಡಿಮೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಗಳಲ್ಲೂ ಮನೆಯವರು ಜೊತೆಗಿರಲಿ, ಮಗುವನ್ನು ಎತ್ತಿಕೊಂಡಿರಲಿ, ಹಾಲು ಕುಡಿಯುವ ಕೂಸಾದರೆ ಎದೆಹಾಲು ಕುಡಿಸಲಿ ಅಂತಲೇ ಇದೆ. ಆದರೆ ಸೂಜಿ ಕಂಡರೆ ತಾವೇ ನಡುಗುವ ತಾಯಂದಿರೂ ಬರುತ್ತಾರೆ, ಅದು ಅವರ ತಪ್ಪಲ್ಲ. ಅಂಥವರಿಗೆ ಮಗುವಿನ ಕಣ್ಣನ್ನಷ್ಟೇ ನೋಡಿ, ಏನಾದರೂ ಮಾತಾಡುತ್ತಿರಿ ಅನ್ನುತ್ತೇನೆ. ಹೊರಗೆ ಕ್ಯೂ ಎಷ್ಟೇ ಉದ್ದ ಇರಲಿ, ಅವರು ಸುಧಾರಿಸಿಕೊಂಡ ಮೇಲೇ ಟ್ರೇ ಹತ್ತಿರ ಎಳೆದುಕೊಳ್ಳುತ್ತೇನೆ.