ಕರಿಮಣಿ ಮತ್ತು ಪೋತೆ

ಮದುವೆಯಾಗಿ ಇಂದಿಗೆ ಹನ್ನೊಂದು ದಿನ. ನೇಪಾಳದ ಗೋರ್ಖಾ ಜಿಲ್ಲೆಯ ಬೆಟ್ಟದೂರೊಂದರ ಶಾಲೆಯಲ್ಲಿ ನಾನು ಹುಡುಗಿಯರ ಕೋಣೆಯಲ್ಲೂ, ಇವರು ಹುಡುಗರ ಕೋಣೆಯಲ್ಲೂ ಮಲಗುತ್ತಿದ್ದೇವೆ. ನಮ್ಮ ಮಧುಚಂದ್ರವೆಂದರೆ ಇದೇ. ಬೆಳಿಗ್ಗೆ ತಲೆ ಎಣಿಸುವಾಗ ಒಮ್ಮೆ, ರಾತ್ರಿ ತಲೆ ಎಣಿಸುವಾಗ ಒಮ್ಮೆ ಮುಖಾಮುಖಿಯಾಗುತ್ತೇವೆ.

2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದೇ ಜಿಲ್ಲೆಯಲ್ಲಿತ್ತು. ನಮ್ಮ ವಿದ್ಯಾರ್ಥಿಗಳು ಶಾಲೆಯ ಕಾಂಪೌಂಡು ಕಟ್ಟಲು ಬಂದಿದ್ದಾರೆ. ನಿಜ ಹೇಳಬೇಕೆಂದರೆ, ಕಟ್ಟುವವರು ಊರಿನ ಗಾರೆಯವರು. ನಾವು ಕಲ್ಲು ಹೊರುವವರು.

ಇಂದು ಮಧ್ಯಾಹ್ನ ಅನ್ನ, ಬೇಳೆ ಬಡಿಸುತ್ತಿದ್ದ ಅಜ್ಜಿಯೊಬ್ಬರು ನನ್ನ ಕರಿಮಣಿಯನ್ನು ಬೆರಳಿನಿಂದ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಸಿಮೆಂಟಿನ ಧೂಳು ಕುಳಿತು ಅದು ಬೂದಿಮಣಿಯಾಗಿತ್ತು. ಸೆರಗಿನ ತುದಿಯನ್ನು ಒದ್ದೆ ಮಾಡಿ ಒಂದೊಂದೇ ಮಣಿಯನ್ನು ಒರೆಸಿದ ಮೇಲೆ, ಮನೆಯಿಂದ ಸೊಸೆಯನ್ನು ಕೂಗಿ ಕರೆದು, ಇಲ್ಲಿನ ಮುತ್ತೈದೆಯರು ಧರಿಸುವ ಪೋತೆಯನ್ನು, ಅಂದರೆ ಸಣ್ಣ ಗಾಜಿನ ಮಣಿಗಳ ಹಲವೆಳೆಯ ಕೆಂಪು ಸರವನ್ನು, ನನ್ನದರ ಪಕ್ಕಕ್ಕಿಟ್ಟು ಹೋಲಿಸಿದರು. ಧಾರೆಯ ದಿನವೂ ಇದನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ನಾನೂ ಸಹ. ಗಂಡನೆಲ್ಲಿ ಎಂದು ಸನ್ನೆಯಲ್ಲಿ ಕೇಳಿದರು. ಹುಡುಗನೊಬ್ಬನ ಅಂಗೈಯ ಬೊಬ್ಬೆಗೆ ಬಟ್ಟೆ ಸುತ್ತುತ್ತಿದ್ದವರನ್ನು ತೋರಿಸಿದೆ. ಅಜ್ಜಿ ನಕ್ಕೇ ನಕ್ಕರು.

ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ಇವರು ಕೈಗಡಿಯಾರವನ್ನು ಇನ್ನೂ ಬದಲಿಸಿಲ್ಲ. ರಾತ್ರಿ ಹತ್ತಕ್ಕೆ ಎಲ್ಲರ ದೀಪ ಆರಿಸಿದ ಮೇಲೆ, ತಮಗಿನ್ನೂ ಒಂಬತ್ತೂ ಮುಕ್ಕಾಲೆಂದು ಜಗಲಿಯ ಮೇಲೆ ನನ್ನೊಂದಿಗೆ ಕೂರುತ್ತಾರೆ. ಇಂದು ಐದನೇ ನಿಮಿಷಕ್ಕೆ ಹುಡುಗನೊಬ್ಬ ಹೊಟ್ಟೆನೋವೆಂದು ಎದ್ದು ಬಂದ. ಹತ್ತು ನಿಮಿಷ ಬಾಕಿ ಉಳಿದಿದೆ.