ಆಮೆಗೆ ಊಟ ಹಾಕುವವರು ಯಾರು?

ತುಮಕೂರಿನಲ್ಲಿ ಸಾಕುಪ್ರಾಣಿಗಳ ಸಣ್ಣದೊಂದು ಕ್ಲಿನಿಕ್ ನಡೆಸುತ್ತೇನೆ. ಬರುವುದು ನಾಯಿ, ಬೆಕ್ಕುಗಳೇ ಜಾಸ್ತಿ. ನಡುನಡುವೆ ಟಿಫಿನ್ ಡಬ್ಬದಲ್ಲಿ ಆಮೆ ಇಟ್ಟುಕೊಂಡು ಶಾಲೆ ಮಕ್ಕಳು ಬರುತ್ತಾರೆ. ನಾನು ಓದುವಾಗ ಹಸು, ಎಮ್ಮೆ, ಕುರಿ, ಕೋಳಿಗಳ ಬಗ್ಗೆಯೇ ಹೆಚ್ಚು ಕಲಿಸಿದ್ದರು. ಆಮೆಯ ವಿಷಯ ಆಮೇಲೆ ನಾನೇ ಓದಿ, ಗೊತ್ತಿದ್ದವರನ್ನು ಕೇಳಿ ಕಲಿತದ್ದು. ಆದರೆ ಒಂದು ಪಾಠವನ್ನು ನನಗೆ ಒಬ್ಬ ತಾಯಿ ಕಲಿಸಿದರು.

ಐದು ವರ್ಷದ ಹಿಂದಿನ ಮಾತು. ಎಂಟನೇ ಕ್ಲಾಸಿನ ಹುಡುಗನೊಬ್ಬ ಅಮ್ಮನ ಜೊತೆ ಬಂದ. ಕೈಯಲ್ಲಿ ಅಂಗೈಗಿಂತ ಚಿಕ್ಕ ಆಮೆ. ಕಿವಿಯ ಹತ್ತಿರ ಕೆಂಪು ಪಟ್ಟೆ ಇರುವ, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ರೆಡ್ ಇಯರ್ಡ್ ಸ್ಲೈಡರ್. ಇದು ನಮ್ಮ ನೆಲದ್ದಲ್ಲ, ಅಮೆರಿಕದ ಮಿಸಿಸಿಪಿ ನದಿಯ ಕಡೆಯದು. ಎರಡೂ ಕಣ್ಣು ಊದಿಕೊಂಡು ಮುಚ್ಚಿಹೋಗಿದ್ದವು. ಅಂಗಡಿಯವರು ಕೊಟ್ಟ ಒಣ ಸೀಗಡಿ ಬಿಟ್ಟು ಬೇರೇನೂ ತಿಂದಿರಲಿಲ್ಲ. ಬರೀ ಅದನ್ನೇ ತಿಂದರೆ ಎ ವಿಟಮಿನ್ ಸಾಲುವುದಿಲ್ಲ, ಕಣ್ಣು ಹೀಗೇ ಆಗುತ್ತದೆ. ಔಷಧ ಬರೆದೆ. ಪೆಲೆಟ್ ಆಹಾರ, ಸೊಪ್ಪು ಹಾಕು ಅಂದೆ. ಕೊನೆಗೆ "ಬಿಸಿಲು ಬೇಕು ಪುಟ್ಟ, ದಿನಾ ಬಿಸಿಲಿಗಿಡು" ಅಂದೆ. ಹುಡುಗ ತಲೆಯಾಡಿಸಿದ. ಅಮ್ಮ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಅವರ ಕಡೆ ನಾನು ತಿರುಗಲೂ ಇಲ್ಲ. ಆಮೆ ಹುಡುಗನದ್ದು, ಅವನಿಗೆ ಹೇಳಿದರೆ ಸಾಕು ಅಂದುಕೊಂಡೆ.

ನಾಲ್ಕು ತಿಂಗಳಾದ ಮೇಲೆ ಅಮ್ಮ ಒಬ್ಬರೇ ಬಂದರು. ಕಣ್ಣು ವಾಸಿಯಾಗಿತ್ತು. ಚಿಪ್ಪು ಮುಟ್ಟಿ ನೋಡಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಮೂಳೆಗೆ ಸುಣ್ಣದ ಅಂಶ ಸೇರದೆ ಬರುವ ಕಾಯಿಲೆ.

"ಬಿಸಿಲಿಗೆ ಇಡಲಿಲ್ವಾ?" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ದಿನಾ ಇಟ್ಟಿದೀನಿ ಮೇಡಂ. ಹಾಲ್ ಕಿಟಕಿ ಹತ್ರ. ಬೆಳಿಗ್ಗೆಯಿಂದ ಹನ್ನೊಂದರ ತನಕ ಒಳ್ಳೆ ಬಿಸಿಲು ಬೀಳುತ್ತೆ."

ಕಿಟಕಿಗೆ ಗಾಜಿತ್ತು. ಆಮೆಯ ಮೈಯಲ್ಲಿ ಡಿ ವಿಟಮಿನ್ ಆಗಲು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಆ ವಿಟಮಿನ್ ಇಲ್ಲದೆ ಆಹಾರದ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ. ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನೂ ಬಿಡುತ್ತದೆ, ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆ ತಾಯಿ ನಾನು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ನಾನೇ ಅರ್ಧ ಹೇಳಿದ್ದೆ, ಅದೂ ಕೆಲಸ ಮಾಡದವನಿಗೆ ಹೇಳಿದ್ದೆ. ಹುಡುಗನಿಗೆ ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ನೀರು ಬದಲಿಸುವುದು, ಊಟ ಹಾಕುವುದು, ಕಿಟಕಿಗೆ ತರುವುದು ಎಲ್ಲ ಅಮ್ಮನೇ.

ಅವತ್ತು ಅವರ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಿದೆ. ಕೇಳುತ್ತಾ ಹೋದಂತೆ ಒಂದೊಂದೇ ಹೊರಗೆ ಬಂತು. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಿದ್ದರು. ಮನೆಯಲ್ಲಿ ನಾದಿನಿಯ ಮಗು ಇದೆ, ಎರಡು ವರ್ಷದ್ದು. ಆಮೆ ನೋಡಲು ಆರೋಗ್ಯವಾಗಿದ್ದರೂ ಅದರ ಮೈಮೇಲೆ, ನೀರಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಚಿಕ್ಕ ಮಕ್ಕಳಿಗೆ ಅದರಿಂದ ಜೋರು ಭೇದಿ, ಜ್ವರ ಬರುತ್ತದೆ. ಮಕ್ಕಳಿಗೆ ಹೀಗಾಗುತ್ತಿದೆ ಅಂತಲೇ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಇಲ್ಲಿ ಅಷ್ಟು ಚಿಕ್ಕದನ್ನೇ ಮುದ್ದಾಗಿದೆ ಅಂತ ಮಕ್ಕಳ ಕೈಗೆ ಕೊಡುತ್ತೇವೆ. ತೊಟ್ಟಿಯನ್ನು ಹೊರಗೆ ತೊಳೆಯಿರಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳನ್ನು ದೂರ ಇಡಿ ಅಂದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು.

ಚಳಿಗಾಲದಲ್ಲಿ ಅದು ತಿನ್ನುವುದು ಬಿಟ್ಟಿದ್ದಕ್ಕೆ "ಮಗ ಮಾತಾಡಿಸಲ್ಲ ಅಂತ ಬೇಜಾರು ಮಾಡ್ಕೊಂಡಿದೆ" ಅಂದುಕೊಂಡಿದ್ದರಂತೆ. ಆಮೆಯ ಮೈಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದರೆ ತಿಂದದ್ದು ಜೀರ್ಣವಾಗುವುದಿಲ್ಲ, ಅದಕ್ಕೇ ತಿನ್ನುವುದಿಲ್ಲ. ನೀರು ಸುಮಾರು 25 ಡಿಗ್ರಿ ಇರಬೇಕು. ಮೇಲೆ ಹತ್ತಿ ಒಣಗಲು ಒಂದು ಕಲ್ಲು, ಅಲ್ಲಿ 30 ಡಿಗ್ರಿ ದಾಟಿದ ಬಿಸಿ, ಮೇಲೊಂದು ಯುವಿಬಿ ಬಲ್ಬ್. ಬಲ್ಬ್ ಉರಿಯುತ್ತಿದ್ದರೂ 6ರಿಂದ 12 ತಿಂಗಳಲ್ಲಿ ಯುವಿಬಿ ಕಡಿಮೆಯಾಗುತ್ತದೆ, ಬದಲಿಸಲೇಬೇಕು. ಬಲ್ಬಿನ ಬೆಲೆ ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೆಗಿಂತ ಅದೇ ಎಷ್ಟೋ ಪಾಲು ಜಾಸ್ತಿ.

"ಅಮಾನಿಕೆರೆಗೆ ಬಿಟ್ಟುಬಿಟ್ರೆ? ಅಲ್ಲಿ ನೀರಿದೆ, ಬಿಸಿಲಿದೆ" ಅಂದರು. ತುಂಬಾ ಜನ ಕೇಳುವ ಪ್ರಶ್ನೆ ಇದು. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಆಮೆ ಎಲ್ಲಿ ಬಿಟ್ಟರೂ ಬದುಕಿಕೊಳ್ಳುವ ಗಟ್ಟಿ ಜೀವ. ನಮ್ಮ ಕೆರೆಯ ಆಮೆಗಳ ಆಹಾರಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ಕೊಡುತ್ತದೆ, ರೋಗವನ್ನೂ ಹರಡಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ 100 ಹೊರಗಿನ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಡಬೇಡಿ, ಆಗದಿದ್ದರೆ ನನಗೆ ಹೇಳಿ, ಸಾಕುವವರನ್ನು ಹುಡುಕೋಣ ಅಂದೆ.

ಅವತ್ತಿನಿಂದ ನನ್ನ ಕೇಸ್ ಶೀಟಿನಲ್ಲಿ ಒಂದು ಸಾಲು ಸೇರಿತು: ದಿನಾ ಊಟ ಹಾಕುವವರು ಯಾರು? ಆ ಮನುಷ್ಯ ಬರುವ ತನಕ ಔಷಧವೊಂದನ್ನು ಕೊಟ್ಟು, ಉಳಿದದ್ದನ್ನು ಇಬ್ಬರನ್ನೂ ಎದುರು ಕೂರಿಸಿಕೊಂಡೇ ಹೇಳುತ್ತೇನೆ. ಒಬ್ಬ ಇಂಜಿನಿಯರಿಂಗ್ ಹುಡುಗ ಬಾಲ್ ಪೈಥಾನ್ ತಂದಾಗಲೂ ಅಪ್ಪನನ್ನು ಕರೆಸಿದೆ. ಹಾವು ಮನೆಯಲ್ಲಿರುವುದೇ ಅವರಿಗೆ ಗೊತ್ತಿರಲಿಲ್ಲ. ಅದಕ್ಕೆ ವಿಷವಿಲ್ಲ ಅಂತ ತಿಳಿದು ಸಮಾಧಾನವಾಯಿತು, ಇಲಿಯನ್ನೇ ತಿನ್ನಿಸಬೇಕು ಅಂದಾಗ ಮತ್ತೆ ಮುಖ ಬಾಡಿತು. ಇಂಥ ಹೊರದೇಶದ ಪ್ರಾಣಿಗಳನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅನ್ನುವುದು ಅಪ್ಪ, ಮಗ ಇಬ್ಬರಿಗೂ ಗೊತ್ತಿರಲಿಲ್ಲ. ಅವತ್ತೇ ಹೋಗಿ ಅರ್ಜಿ ಹಾಕಿ ಅಂದೆ.

ನಕ್ಷತ್ರ ಆಮೆ ತಂದರೆ ಮಾತ್ರ ನನ್ನ ಮಾತು ಬೇರೆ. ಹೊಲದಲ್ಲಿ ಸಿಕ್ಕಿತು, ಮನೆಗೆ ಅದೃಷ್ಟ ಅಂತ ತರುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಈಗ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯ ಪ್ರಾಣಿ. ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸಿ ಅನ್ನುತ್ತೇನೆ, ಬೇಕಾದರೆ ನಾನೇ ಜೊತೆಗೆ ಹೋಗುತ್ತೇನೆ.

ಆ ಎಂಟನೇ ಕ್ಲಾಸಿನ ಹುಡುಗ ಈಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾನೆ. ಹೋದ ವಾರ ಅವನ ಅಮ್ಮ ಬಕೆಟ್‌ನಲ್ಲಿ ಆಮೆ ತಂದಿದ್ದರು. ತೂಕ 900 ಗ್ರಾಂ. ಚಿಪ್ಪು ಗಟ್ಟಿಯಾಗಿದೆ, ಹಿಂದೆ ಒಂದು ಕಡೆ ಸ್ವಲ್ಪ ಸೊಟ್ಟ ಉಳಿದಿದೆ. ಅದು ಇನ್ನು ಸರಿಹೋಗುವುದಿಲ್ಲ. ಬಲ್ಬ್ ಯಾವಾಗ ಬದಲಿಸಿದ್ದು ಅಂತ ಕೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರಂತೆ, ತಾರೀಖು ಬಾಯಲ್ಲೇ ಹೇಳಿದರು.

"ಇನ್ನೆಷ್ಟು ವರ್ಷ ಬದುಕುತ್ತೆ ಮೇಡಂ?"

ಚೆನ್ನಾಗಿ ನೋಡಿಕೊಂಡರೆ ಇನ್ನೂ 20 ವರ್ಷ ಬದುಕಬಹುದು ಅಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಆಗ ನನಗೆ ಅರವತ್ತಾರು" ಅಂದರು. ಆಮೆಯನ್ನು ಬಕೆಟ್ಟಿಗೆ ಇಳಿಸಿ, ಮುಂದಿನ ಬಲ್ಬ್ ತರಿಸಿಕೊಡಲು ಅಡ್ವಾನ್ಸ್ ಕೊಟ್ಟು ಹೋದರು.